ಬೋಟಿನ ಶಾಫ್ಟ್ ಟ್ಯೂಬು ಸೊಟ್ಟಗಿತ್ತು: ಕಿತ್ತು ಮತ್ತೆ ಕೂರಿಸಿದ್ದು ಹೀಗೆ

ರಿಮೋಟ್ ಬೋಟಿನಲ್ಲಿ ಮೋಟಾರು ಒಳಗಿರುತ್ತದೆ, ಪ್ರೊಪೆಲ್ಲರ್ ಹೊರಗೆ ನೀರಿನಲ್ಲಿ. ಎರಡನ್ನೂ ಸೇರಿಸುವ ಶಾಫ್ಟು ಒಂದು ಹಿತ್ತಾಳೆ ಟ್ಯೂಬಿನೊಳಗೆ ತಿರುಗುತ್ತದೆ. ಆ ಟ್ಯೂಬನ್ನು ಬೋಟಿನ ತಳಕ್ಕೆ ಅಂಟಿಸಿರುತ್ತಾರೆ. ಅದೊಂದು ಸೊಟ್ಟಗಿದ್ದರೆ ಮೋಟಾರು, ಬ್ಯಾಟರಿ ಎಷ್ಟೇ ದುಬಾರಿಯದ್ದಾದರೂ ಸುಮ್ನೆ ದಂಡ.

ನನ್ನ ಕೈಗೆ ಬಂದ ಸೆಕೆಂಡ್ ಹ್ಯಾಂಡ್ ಬೋಟಿನ ಕಥೆ ಇದೇ. ಮೀನುಗಾರಿಕೆ ಬೋಟಿನ ಮಾದರಿ, ಫೈಬರ್‌ಗ್ಲಾಸ್ ಮೈ, ಸುಮಾರು 80 ಸೆಂ.ಮೀ. ಉದ್ದ. 540 ಅನ್ನೋ ಅಳತೆಯ ಮೋಟಾರು, 4 ಮಿ.ಮೀ. ಸ್ಟೀಲ್ ಶಾಫ್ಟು, 8 ಮಿ.ಮೀ. ಟ್ಯೂಬು, 40 ಮಿ.ಮೀ. ಅಗಲದ ಮೂರು ರೆಕ್ಕೆಯ ಹಿತ್ತಾಳೆ ಪ್ರೊಪೆಲ್ಲರ್. ನೋಡೋಕೆ ಚೆಂದ. ಥ್ರಾಟಲ್ ಕೊಟ್ಟರೆ ಮಾತ್ರ ಹಿಟ್ಟಿನ ಗಿರಣಿಯ ಸದ್ದು.

ಮೊದಲು ಕಟ್ಟಿದವರು ಮೋಟಾರಿಗೂ ಶಾಫ್ಟಿಗೂ ಮಧ್ಯದಲ್ಲಿ ಒಂದು ಯೂನಿವರ್ಸಲ್ ಜಾಯಿಂಟ್ (ಓರೆಯಾಗಿ ನಿಂತ ಎರಡು ಶಾಫ್ಟುಗಳನ್ನು ಸೇರಿಸಿ ತಿರುಗಿಸುವ ಕೀಲು) ಹಾಕಿ ಕೈ ತೊಳೆದುಕೊಂಡಿದ್ದರು. ಜಾಯಿಂಟ್ ಇದ್ದರೆ ಸ್ವಲ್ಪ ಸೊಟ್ಟ ಇದ್ದರೂ ನಡೆಯುತ್ತೆ ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತು. ತಿರುಗೋದೇನೋ ತಿರುಗುತ್ತದೆ. ಆದರೆ ಒಂಟಿ ಜಾಯಿಂಟಿನಲ್ಲಿ ಮೋಟಾರು ಒಂದೇ ಸಮ ತಿರುಗಿದರೂ ಆಚೆಯ ಶಾಫ್ಟಿನ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿ ಇಳಿಯುತ್ತದೆ. ಕೋನ 10 ಡಿಗ್ರಿ ಇದ್ದರೆ ಈ ಏರಿಳಿತ ಶೇ. 1.5ರಷ್ಟು, ಅಂದರೆ ಗೊತ್ತೇ ಆಗಲ್ಲ. 20 ಡಿಗ್ರಿ ಆದರೆ ಶೇ. 6 ದಾಟುತ್ತದೆ. ನಿಮಿಷಕ್ಕೆ 12,000 ಸುತ್ತು ಹಿಡಿದರೆ ಸೆಕೆಂಡಿಗೆ 400 ಸಲ ಜಗ್ಗಾಟ. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸಲ್ಲ. ಒಂಟಿ ಜಾಯಿಂಟು ಕೋನವನ್ನಷ್ಟೇ ತಾಳುತ್ತದೆ. ಎರಡು ಶಾಫ್ಟುಗಳು ಒಂದರ ಪಕ್ಕಕ್ಕೆ ಒಂದು ಸರಿದಿದ್ದರೆ ಅದರಿಂದ ಆಗೋದಿಲ್ಲ, ಜೋಡಿ ಜಾಯಿಂಟೇ ಬೇಕು. ಇಲ್ಲವಾದರೆ ಆ ಸೊಟ್ಟವನ್ನೆಲ್ಲ ಬುಷ್ (ಟ್ಯೂಬಿನ ತುದಿಯಲ್ಲಿ ಶಾಫ್ಟು ಕೂತು ತಿರುಗುವ ಲೋಹದ ಬಳೆ) ಮತ್ತು ಮೋಟಾರಿನ ಬೇರಿಂಗ್ ಸವೆದು ಸವೆದು ತೀರಿಸಬೇಕು.

ಟ್ಯೂಬನ್ನು ಕೀಳುವ ಮೊದಲು ತಪ್ಪು ಎಲ್ಲಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಜಾಯಿಂಟು ಬಿಚ್ಚಿ ಶಾಫ್ಟನ್ನು ಬೆರಳಲ್ಲೇ ತಿರುಗಿಸಿದೆ. ಹಗುರವಾಗಿ ತಿರುಗಿತು. ಹೊರಗೆ ತೆಗೆದು ಕಿಟಕಿ ಗಾಜಿನ ತುಂಡಿನ ಮೇಲೆ ಉರುಳಿಸಿದೆ. ಬಾಗಿದ್ದರೆ ಗಾಜಿಗೂ ಶಾಫ್ಟಿಗೂ ನಡುವಿನ ಬೆಳಕಿನ ಗೆರೆ ಉರುಳಿದ ಹಾಗೆ ಸಣ್ಣದು ದೊಡ್ಡದು ಆಗುತ್ತದೆ. ಆಗಲಿಲ್ಲ, ಅಂದರೆ ಶಾಫ್ಟು ನೆಟ್ಟಗಿದೆ. ಆಮೇಲೆ ಬ್ಯಾಟರಿಯ ವೈರಿಗೆ ವ್ಯಾಟ್ ಮೀಟರ್ ಹಾಕಿದೆ. ಬರೀ ಮೋಟಾರು 1.6 ಆಂಪಿಯರ್ ಎಳೆಯಿತು. ಜಾಯಿಂಟು, ಶಾಫ್ಟು ಸೇರಿಸಿ ಓಡಿಸಿದರೆ, ಪ್ರೊಪೆಲ್ಲರ್ ಇನ್ನೂ ನೀರೇ ಮುಟ್ಟಿಲ್ಲ, 3.5 ಆಂಪಿಯರ್! ಹೆಚ್ಚಿನ ಅಷ್ಟೂ ಕರೆಂಟು ಸದ್ದು ಮತ್ತು ಬಿಸಿಯಾಗಿ ಹೋಗುತ್ತಿತ್ತು. ಒಳಬದಿಯ ಬುಷ್ಷಿಗೆ ಟಾರ್ಚ್ ಹಿಡಿದೆ. ತೂತು ದುಂಡಗಿರಲಿಲ್ಲ, ಒಂದೇ ಪಕ್ಕಕ್ಕೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು.

ಈಗ ಸೊಟ್ಟ ಎಷ್ಟು? ಬೋಟಿನ ಮೂತಿಯಿಂದ ಹಿಂಭಾಗದ ಹಲಗೆಯ ನಟ್ಟನಡುವಿಗೆ ಒಂದು ದಾರ ಎಳೆದು ಕಟ್ಟಿದೆ. ಟ್ಯೂಬಿನೊಳಗೆ 4 ಮಿ.ಮೀ.ನ ಉದ್ದ ಸ್ಟೀಲ್ ಕಡ್ಡಿ ತೂರಿಸಿ ಮುಂದಕ್ಕೆ ಚಾಚಿದೆ. ಟ್ಯೂಬು ಗಿಡ್ಡ, ಅದರ ಸೊಟ್ಟ ಕಣ್ಣಿಗೆ ಬೀಳಲ್ಲ. ಕಡ್ಡಿ ಮುಂದೆ ಹೋದಷ್ಟೂ ಬಣ್ಣ ಬಯಲಾಗುತ್ತದೆ. ಹೊರಬದಿಯ ಬುಷ್ಷಿನಿಂದ 40 ಸೆಂ.ಮೀ. ಮುಂದೆ ಕಡ್ಡಿ ದಾರದಿಂದ 1.5 ಸೆಂ.ಮೀ. ಎಡಕ್ಕೆ ನಿಂತಿತ್ತು. ಅಂದರೆ ಎರಡು ಡಿಗ್ರಿ. ಎರಡು ಡಿಗ್ರಿ ಏನು ಮಹಾ ಅನ್ನಿಸಬಹುದು. ಆದರೆ ಮೋಟಾರನ್ನು ನಡುಗೆರೆಯ ಮೇಲೆ ಕೂರಿಸಿದ್ದರು. ಹಾಗಾಗಿ ಕೋನದ ಜೊತೆಗೆ ಪಕ್ಕಕ್ಕೆ ಸರಿದ ಸಮಸ್ಯೆಯೂ ಸೇರಿಕೊಂಡಿತ್ತು.

ಇಲ್ಲಿ ಒಂದು ಮಾತು. ಟ್ಯೂಬು ನಡುಗೆರೆಯಲ್ಲೇ ಇದ್ದು ಮೋಟಾರಿಗೆ ಮಾತ್ರ ಸೇರುತ್ತಿಲ್ಲ ಅಂದರೆ ದಯವಿಟ್ಟು ಟ್ಯೂಬಿಗೆ ಕೈ ಹಾಕಬೇಡಿ. ಮೋಟಾರನ್ನೇ ಅದರ ಸಾಲಿಗೆ ತನ್ನಿ. ದೊಡ್ಡ ಬೋಟುಗಳಲ್ಲೂ ಎಂಜಿನ್ನಿನ ಕಾಲ ಕೆಳಗೆ ತಗಡಿನ ಚೂರು ಇಟ್ಟು ಎಂಜಿನ್ನನ್ನು ಶಾಫ್ಟಿಗೆ ಹೊಂದಿಸುತ್ತಾರೆಯೇ ಹೊರತು ಶಾಫ್ಟನ್ನು ಎಂಜಿನ್ನಿಗಲ್ಲ. ನನ್ನದರಲ್ಲಿ ಟ್ಯೂಬೇ ದಾರಿ ತಪ್ಪಿದ್ದರಿಂದ ಬೇರೆ ದಾರಿ ಇರಲಿಲ್ಲ.

ಹಿತ್ತಾಳೆಗೆ ಬಿಸಿ ಬೇಗ ಹರಡುತ್ತದೆ. ಅದೇ ಇಲ್ಲಿ ಉಪಕಾರಕ್ಕೆ ಬರುವುದು. ಶಾಫ್ಟು ತೆಗೆದು, ಟ್ಯೂಬಿನ ಒಳತುದಿಗೆ ದಪ್ಪ ಸೋಲ್ಡರಿಂಗ್ ಐರನ್ ಒತ್ತಿ ಹಿಡಿದೆ. ನೀರು ಕುದಿಯುವಷ್ಟು ಬಿಸಿಯೂ ಬೇಕಿಲ್ಲ, ಮನೆಯಲ್ಲಿ ಬಳಸುವ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಅಂಟು) ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಹೊರಗಿನ ಬಣ್ಣ ಉಬ್ಬದಿರಲಿ ಅಂತ ತಳಕ್ಕೆ ಒದ್ದೆ ಬಟ್ಟೆ ಸುತ್ತಿದ್ದೆ. ಆಗಾಗ ಅಂಟಿನ ಅಂಚನ್ನು ಸ್ಕ್ರೂಡ್ರೈವರಿನ ಮೂತಿಯಲ್ಲಿ ಒತ್ತಿ ನೋಡುವುದು. ಮೊದಲು ಟಕ್ ಟಕ್ ಅನ್ನುತ್ತದೆ. ಮೂತಿ ಒತ್ತಿದ ಗುರುತು ಉಳಿಯಲು ಶುರುವಾದರೆ ಹದ ಬಂತು. ಆಗ ಟ್ಯೂಬಿನೊಳಗೆ ಅದೇ ಸ್ಟೀಲ್ ಕಡ್ಡಿ ಇಟ್ಟು, ವೈಸ್ ಗ್ರಿಪ್‌ನಲ್ಲಿ (ಕಚ್ಚಿ ಹಿಡಿಯುವ ಇಕ್ಕಳ) ಹಿಡಿದು, ಎಳೆಯದೆ ತಿರುಚಿದೆ. ಕಡ್ಡಿ ಇಲ್ಲದಿದ್ದರೆ ಟ್ಯೂಬು ಅಪ್ಪಚ್ಚಿಯಾಗುತ್ತದೆ. ಸ್ವಲ್ಪ ತಿರುಗಿತು ಅಂದರೆ ಗೆದ್ದ ಹಾಗೆ, ಆಮೇಲೆ ನಿಧಾನಕ್ಕೆ ಹೊರಗೆ ಬರುತ್ತದೆ. ಬಿಸಿ ಎಪಾಕ್ಸಿಯ ಹೊಗೆ ಒಳ್ಳೆಯದಲ್ಲ, ಕಿಟಕಿ ತೆಗೆದಿಟ್ಟು ಮಾಡಿ. ಪ್ಲಾಸ್ಟಿಕ್ ಮೈಯ ಬೋಟಿಗೆ ಈ ಉಪಾಯ ಬೇಡವೇ ಬೇಡ, ಅಂಟಿಗಿಂತ ಮೊದಲು ಬೋಟೇ ಸೊಟ್ಟಗಾದೀತು. ಅಲ್ಲಿ ಅಂಟನ್ನು ಕೆರೆದೇ ತೆಗೆಯಬೇಕು.

ಹೊರಗೆ ಬಂದ ಟ್ಯೂಬಿನ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎಮರಿ ಪೇಪರ್ ತಾಗಿಸಿರಲೇ ಇಲ್ಲ. ನುಣುಪು ಹಿತ್ತಾಳೆಗೆ ಯಾವ ಅಂಟೂ ನಿಲ್ಲಲ್ಲ. ಅಷ್ಟು ಸಲೀಸಾಗಿ ಬಂದದ್ದಕ್ಕೆ ಅದೂ ಒಂದು ಕಾರಣ. 80 ನಂಬರಿನ ಎಮರಿಯಲ್ಲಿ ಅಡ್ಡಡ್ಡ ಉಜ್ಜಿ ಗೀರು ಬೀಳಿಸಿ, ತಿನ್ನರ್ ಹಾಕಿ ಒರೆಸಿದೆ. ಆಮೇಲೆ ಬರಿಗೈ ತಾಗಿಸಲಿಲ್ಲ.

ಹೊರಗಿನ ತುದಿ ಸರಿಯಾದ ಜಾಗದಲ್ಲೇ ಇತ್ತು, ಒಳತುದಿ ಮಾತ್ರ ಬಲಕ್ಕೆ ಬರಬೇಕು. ಹಾಗಾಗಿ ತೂತಿನ ಒಳಬದಿಯ ಬಲ ಅಂಚನ್ನಷ್ಟೇ ಗುಂಡು ಅರದಲ್ಲಿ ಅರೆದೆ. ಫೈಬರ್‌ಗ್ಲಾಸ್ ಪುಡಿಗೆ ಮಾಸ್ಕ್ ಮತ್ತು ತುಂಬು ತೋಳಿನ ಅಂಗಿ ಕಡ್ಡಾಯ. ಇಲ್ಲದಿದ್ದರೆ ರಾತ್ರಿಯೆಲ್ಲ ತುರಿಕೆ.

ಈ ನಡುವೆ ಲೇತ್ ಕೆಲಸ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಒಂದೆರಡು ಲೇತ್ ಇಟ್ಟುಕೊಂಡ ಶೆಡ್ಡುಗಳಿಗೆ ಬರವಿಲ್ಲ. ನನಗೆ ಬೇಕಿದ್ದದ್ದು ಸವೆದದ್ದರ ಬದಲಿಗೆ ಒಂದು ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್, ಮತ್ತು ಮೋಟಾರು, ಶಾಫ್ಟು ಎರಡನ್ನೂ ಒಂದೇ ಸಾಲಿಗೆ ಹಿಡಿಯಲು ಬೆರಳು ದಪ್ಪದ ಹಿತ್ತಾಳೆ ತುಂಡು. ತುಂಡಿನ ಅರ್ಧಕ್ಕೆ 4 ಮಿ.ಮೀ. ತೂತು, ಇನ್ನರ್ಧಕ್ಕೆ ಮೋಟಾರಿನ ಶಾಫ್ಟು ಕೂರುವ 3.2 ಮಿ.ಮೀ. ತೂತು.

"ಏನ್ ಸಾರ್ ಇದು, ಇಷ್ಟು ಚಿಕ್ಕದು?"

"ಬೋಟಿಂದು ಅಣ್ಣಾ. ರಿಮೋಟ್ ಬೋಟು. ಎರಡೂ ತೂತು ಒಂದೇ ಸೆಂಟರಲ್ಲಿ ಬರ್ಬೇಕು."

"ಹಂಗಾದ್ರೆ ಆ ಕಡೆ ಈ ಕಡೆ ತಿರುಗಿಸಿ ಹಿಡಿಯೋ ಹಂಗಿಲ್ಲ. ಒಂದೇ ಕಡೆಯಿಂದ ಹೊಡೀಬೇಕು."

ಹೇಳಿದ ಹಾಗೇ ಮಾಡಿದರು. ಚಕ್‌ಗೆ ಒಂದೇ ಸಲ ಹಿಡಿದು, ಮೊದಲು 3.2ರ ಡ್ರಿಲ್ಲನ್ನು ಆರಪಾರ ಬಿಟ್ಟರು. ಬಿಚ್ಚದೆಯೇ 4ರ ಡ್ರಿಲ್ಲು ಹಾಕಿ ಅರ್ಧದವರೆಗೆ ದೊಡ್ಡದು ಮಾಡಿದರು. ಬೆಳಕಿಗೆ ಹಿಡಿದು ನೋಡಿದರೆ ಒಂದು ದುಂಡಿನೊಳಗೆ ಇನ್ನೊಂದು ದುಂಡು, ಅಂಚಿನ ಅಗಲ ಸುತ್ತಲೂ ಒಂದೇ ಸಮ. ತಿರುಗಿಸಿ ಹಿಡಿದಿದ್ದರೆ ಕೂದಲೆಳೆ ವ್ಯತ್ಯಾಸವಾದರೂ ಬರುತ್ತಿತ್ತು, ಆಗ ಆ ತುಂಡು ಇದ್ದೂ ಇಲ್ಲದ ಹಾಗೆ.

ಟ್ಯೂಬನ್ನು ಮತ್ತೆ ಕೂರಿಸುವಾಗಲೂ ಉದ್ದ ಕಡ್ಡಿಯೇ ಯಜಮಾನ. ಟ್ಯೂಬಿನೊಳಗೆ ಕಡ್ಡಿ ಹಾಕಿ, ಅದರ ಮುಂದಿನ ತುದಿಯನ್ನು ದಾರದ ನೇರಕ್ಕೆ ತೂತು ಮಾಡಿದ ಫೋಮ್ ಬೋರ್ಡಿನಲ್ಲಿ ನಿಲ್ಲಿಸಿದೆ. ಹೊರಗಿನ ತುದಿಗೆ ಒಂದು ಮರದ ತುಂಡಿನ ಆಸರೆ ಕೊಟ್ಟೆ. ಅಂಟು ಹಾಕುವ ಮುಂಚೆ ಪ್ರೊಪೆಲ್ಲರ್ ಹಾಕಿ ತಿರುಗಿಸಿ ನೋಡಿದೆ, ರೆಕ್ಕೆಯ ತುದಿಗೂ ತಳಕ್ಕೂ 5 ಮಿ.ಮೀ. ಆದರೂ ಜಾಗ ಸಿಗಬೇಕು. ಬೇಗ ಗಟ್ಟಿಯಾಗುವ ಎಪಾಕ್ಸಿಯನ್ನು ಎರಡು ಕಡೆ ಚೂರೇ ಚೂರು ಇಟ್ಟೆ, ಟ್ಯೂಬು ಅಲುಗದಿದ್ದರೆ ಸಾಕು. ಅದು ಒಣಗಿದ ಮೇಲೆ ಕಡ್ಡಿ ದಾರದ ಮೇಲೆಯೇ ಇದೆಯಾ ಅಂತ ಮತ್ತೆ ನೋಡಿದೆ. ಇಲ್ಲಿ ತಪ್ಪಿದ್ದರೆ ಎರಡು ಹನಿ ಕೆರೆದರೆ ಮುಗಿಯಿತು. ಪೂರ್ತಿ ತುಂಬಿದ ಮೇಲೆ ತಪ್ಪಿದರೆ ಮತ್ತೆ ಸೋಲ್ಡರಿಂಗ್ ಐರನ್ನೇ ಗತಿ. ಆಮೇಲೆ ಹೊರಗಿನ ಸಂದಿಗೆ ಮಕ್ಕಳ ಕ್ಲೇ ಮೆತ್ತಿ, ಒಳಗಿನಿಂದ ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್‌ಗೆ ಕತ್ತರಿಸಿದ ಫೈಬರ್ ಎಳೆ ಕಲಸಿ ತುಂಬಿದೆ. ರಾತ್ರಿ ಹಾಗೇ ಬಿಟ್ಟೆ. ಎಂ-ಸೀಲ್ ಸಾಕಲ್ವಾ ಅಂತ ಕೇಳಬಹುದು. ನೀರು ನಿಲ್ಲಿಸೋಕೆ ಸಾಕು. ಆದರೆ ಗಟ್ಟಿ ಮುದ್ದೆಯಾದ್ದರಿಂದ ಸಣ್ಣ ಸಂದಿಗೆ ಇಳಿಯಲ್ಲ. ನಾನು ಹೊರಗಿನ ಅಂಚು ನುಣ್ಣಗೆ ಮಾಡೋಕೆ ಮಾತ್ರ ಬಳಸಿದೆ.

ಮೋಟಾರಿಗೆ ಈಗ ಲೇತ್‌ನವರು ಕೊಟ್ಟ ತುಂಡು. ಜಾಯಿಂಟಿನ ಬದಲು ಅದನ್ನೇ ಹಾಕಿ ಶಾಫ್ಟಿಗೂ ಮೋಟಾರಿಗೂ ಸೇರಿಸಿದೆ. ಆಗ ಮೋಟಾರು ತಾನಾಗೇ ಶಾಫ್ಟಿನ ಸಾಲಿಗೆ ಬಂದು ಗಾಳಿಯಲ್ಲಿ ನಿಲ್ಲುತ್ತದೆ. ಮೌಂಟಿನ ಕೆಳಗೆ ಉಳಿದ ಸಂದಿಗೆ ಪ್ಲೈವುಡ್ ಚೂರು ಕೊಟ್ಟು, ಎಪಾಕ್ಸಿ ತುಂಬಿದೆ. ಸಂದಿ ಇದ್ದ ಹಾಗೇ ತುಂಬಬೇಕು. ಮೌಂಟನ್ನು ಒತ್ತಿ ಕೂರಿಸಿದರೆ ಅಷ್ಟೂ ಶ್ರಮ ನೀರುಪಾಲು. ಗಟ್ಟಿಯಾದ ಮೇಲೆ ತುಂಡು ತೆಗೆದು ಜಾಯಿಂಟು ಹಾಕಿದೆ. ಶಾಫ್ಟು ಹಿಂದೆ ಮುಂದೆ ಅರ್ಧ ಮಿ.ಮೀ. ಆಡುವಷ್ಟು ಸಡಿಲ ಬಿಟ್ಟೆ. ಪ್ರೊಪೆಲ್ಲರ್ ಮುಂದಕ್ಕೆ ತಳ್ಳುವ ಬಲ ಹೊರಗಿನ ಬುಷ್ಷಿನ ವಾಷರ್ ಮೇಲೆ ಬೀಳಬೇಕು, ಮೋಟಾರಿನ ಮೇಲಲ್ಲ. ಟ್ಯೂಬಿಗೆ ಸಿರಿಂಜಿನಲ್ಲಿ ಲಿಥಿಯಂ ಗ್ರೀಸ್ ತುಂಬಿದೆ.

ಮೀಟರ್ ಈಗ ತೋರಿಸಿದ್ದು 1.9 ಆಂಪಿಯರ್. ಸದ್ದು ಅಂದರೆ ಮೋಟಾರಿನ ಬ್ರಷ್ಷಿನದ್ದು ಮಾತ್ರ.

ಓಡಿಸಿದ್ದು ನೆಂಟರ ಹೊಲದ ಕೃಷಿ ಹೊಂಡದಲ್ಲಿ. ಕೆರೆಗಿಂತ ಇದೇ ವಾಸಿ, ನೀರು ನಿಂತಿರುತ್ತದೆ, ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಜೊಂಡು ಇರಲ್ಲ. ಆದರೆ ಪ್ಲಾಸ್ಟಿಕ್ ಹಾಸಿದ ಇಳಿಜಾರು ಭಾರಿ ಜಾರುತ್ತದೆ, ಬಿದ್ದರೆ ಹತ್ತೋದು ಕಷ್ಟ. ಬೋಟು ನಡುವಲ್ಲಿ ನಿಂತರೂ ಹೊಂಡಕ್ಕೆ ಇಳಿಯಬೇಡಿ, ಮೊದಲೇ ಒಂದು ಉದ್ದ ಹಗ್ಗ ಇಟ್ಟುಕೊಂಡಿರಿ. ಬೋಟು ಇನ್ನೂ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಅದು ಟ್ಯೂಬಿನ ತಪ್ಪಲ್ಲ. ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುವ ಪ್ರೊಪೆಲ್ಲರ್ ಬೋಟಿನ ಹಿಂಭಾಗವನ್ನು ಬಲಕ್ಕೆ ತಳ್ಳುತ್ತದೆ, ಮೂತಿ ಎಡಕ್ಕೆ ಹೋಗುತ್ತದೆ. ರಿಮೋಟಿನಲ್ಲಿ ರಡ್ಡರ್ ಟ್ರಿಮ್ಮನ್ನು (ಚುಕ್ಕಾಣಿಯ ನೆಟ್ಟಗಿನ ಸ್ಥಾನವನ್ನು ಚೂರು ಸರಿಸುವ ಗುಂಡಿ) ಸ್ವಲ್ಪ ಬಲಕ್ಕೆ ಕೊಟ್ಟೆ, ನೆಟ್ಟಗೆ ಹೋಯಿತು.