ವಿಮಾನ ಕಂಪನಿ ಮುಳುಗಿದರೆ ಟಿಕೆಟ್ ದುಡ್ಡು ಉಳಿಸಿಕೊಳ್ಳುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿದ್ದಾರೆ. ಮದುವೆಗೋ, ಊರಿನ ಕೋಲಕ್ಕೋ ಬರಬೇಕೆಂದರೆ ಮೂರು ನಾಲ್ಕು ತಿಂಗಳು ಮೊದಲೇ ಟಿಕೆಟ್ ಮಾಡಿಸುತ್ತಾರೆ. ಬೇಗ ಮಾಡಿಸಿದರೆ ರೇಟು ಕಡಿಮೆ, ಸರಿ. ಆದರೆ ಅಷ್ಟೂ ತಿಂಗಳು ನಮ್ಮ ದುಡ್ಡು ಕಂಪನಿಯ ಕೈಯಲ್ಲಿರುತ್ತದೆ. ಅಷ್ಟರೊಳಗೆ ಕಂಪನಿಯೇ ಬಾಗಿಲು ಹಾಕಿದರೆ ಏನು ಮಾಡುವುದು?

ಇದು ಸುಮ್ನೆ ಹೆದರಿಸುವ ಮಾತಲ್ಲ. ಕಿಂಗ್‌ಫಿಶರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ಬಾರಿ ಹಾರಿತು. ಗೋ ಫಸ್ಟ್ 2023ರ ಮೇ 3ರಿಂದ ಹಾರಲಿಲ್ಲ. ಜೆಟ್ ನಮ್ಮ ಬಜ್ಪೆ (ಮಂಗಳೂರು) ವಿಮಾನ ನಿಲ್ದಾಣದಿಂದಲೇ ಹಾರುತ್ತಿತ್ತು. ಗೋ ಫಸ್ಟ್‌ಗೆ ಪಕ್ಕದ ಕಣ್ಣೂರಿನಿಂದ ಗಲ್ಫ್‌ಗೆ ಹಾರಾಟ ಇತ್ತು. ಜೆಟ್ ನಿಂತು ಐದು ವರ್ಷ ದಾಟಿದ ಮೇಲೆ, 2024ರ ನವೆಂಬರ್‌ನಲ್ಲಿ, ಅದರ ಆಸ್ತಿ ಮಾರಿ ಸಾಲ ತೀರಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ದುಡ್ಡಿನಲ್ಲಿ ಮೊದಲ ಪಾಲು ದಿವಾಳಿ ಪ್ರಕ್ರಿಯೆಯ ಖರ್ಚಿಗೆ. ಆಮೇಲೆ ಅಡಮಾನ ಇಟ್ಟುಕೊಂಡ ಬ್ಯಾಂಕುಗಳು ಮತ್ತು ನೌಕರರು. ಟಿಕೆಟ್ ಕೊಂಡವರು ಸಾಲಿನ ತುಂಬ ಹಿಂದೆ ನಿಲ್ಲಬೇಕು. ಅದಕ್ಕೇ ಟಿಕೆಟ್ ಮಾಡಿಸುವಾಗಲೇ ಎಚ್ಚರ ಬೇಕು.

ಮೊದಲು, ಪಾಲಿಸಿಯ ಒಂದು ಸಾಲು ಓದಿ

'ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೇನೆ, ಇನ್ನೇನು ಭಯ' ಎನ್ನುವವರು ಜಾಸ್ತಿ. ನಮ್ಮಲ್ಲಿ ಸಿಗುವ ಹೆಚ್ಚಿನ ಪಾಲಿಸಿಗಳಲ್ಲಿ ಪ್ರಯಾಣ ರದ್ದಾದದ್ದಕ್ಕೆ ದುಡ್ಡು ಸಿಗುವುದು ಅಲ್ಲಿ ಬರೆದಿರುವ ಕಾರಣಗಳಿಗೆ ಮಾತ್ರ. ನಿಮಗೆ ಕಾಯಿಲೆ ಬಂದರೆ, ಮನೆಯಲ್ಲಿ ಸಾವು ಸಂಭವಿಸಿದರೆ, ಹೀಗೆ. ಕಂಪನಿಯ ದಿವಾಳಿ ಆ ಪಟ್ಟಿಯಲ್ಲಿ ಇರುವುದು ಅಪರೂಪ. ಎಷ್ಟೋ ಪಾಲಿಸಿಗಳು ಅದನ್ನು ಹೆಸರು ಹೇಳಿಯೇ ಹೊರಗಿಡುತ್ತವೆ.

ಹಾಗಾಗಿ ಪಾಲಿಸಿಯ ಪೂರ್ತಿ ವಿವರದ ಪಿಡಿಎಫ್ ತೆರೆಯಿರಿ. ಎರಡು ಪುಟದ ಜಾಹೀರಾತು ಸಾಲದು. ಅದರಲ್ಲಿ ದಿವಾಳಿಯನ್ನು ಹೇಳುವ ಇನ್ಸಾಲ್ವೆನ್ಸಿ, ಬ್ಯಾಂಕ್ರಪ್ಟ್ಸಿ, ಫೈನಾನ್ಶಿಯಲ್ ಡಿಫಾಲ್ಟ್ ಎಂಬ ಪದಗಳನ್ನು ಹುಡುಕಿ. ಎಕ್ಸ್‌ಕ್ಲೂಷನ್ (ಯಾವುದಕ್ಕೆ ದುಡ್ಡು ಸಿಗದು ಎಂಬ ಪಟ್ಟಿ) ಭಾಗದಲ್ಲಿ ಕಂಡರೆ ಆ ಪಾಲಿಸಿ ಈ ಕೆಲಸಕ್ಕೆ ಬಾರದು. ಎಲ್ಲೂ ಕಾಣದಿದ್ದರೆ 'ಇದೆ' ಎಂದುಕೊಳ್ಳಬೇಡಿ. ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಬರೆದು ಹೀಗೆ ಕೇಳಿ: "ನಾನು ಬುಕ್ ಮಾಡಿದ ವಿಮಾನ ಕಂಪನಿ ದಿವಾಳಿಯಾಗಿ ಹಾರಾಟ ನಿಲ್ಲಿಸಿದರೆ, ಈ ಪಾಲಿಸಿಯಲ್ಲಿ ಟಿಕೆಟ್ ದುಡ್ಡು ಸಿಗುತ್ತದೆಯೇ? ಯಾವ ಷರತ್ತಿನಡಿ?" ಉತ್ತರ ಬರಹದಲ್ಲೇ ಬರಲಿ. ಫೋನಿನಲ್ಲಿ 'ಎಲ್ಲ ಕವರ್ ಆಗುತ್ತೆ ಸರ್' ಎಂದದ್ದು ಕ್ಲೇಮ್ ಹೊತ್ತಿಗೆ ನಿಲ್ಲುವುದಿಲ್ಲ.

ಇಂಥ ರಕ್ಷಣೆ ಇರುವ ಪಾಲಿಸಿ ಸಿಕ್ಕಿತೆಂದರೆ ಟಿಕೆಟ್ ಮಾಡಿಸಿದ ದಿನವೇ ತೆಗೆದುಕೊಳ್ಳಿ. ಕಂಪನಿಗೆ ತೊಂದರೆ ಎಂದು ಪೇಪರಿನಲ್ಲಿ ಬಂದ ಮೇಲೆ ಮಾಡಿಸಿದರೆ 'ಗೊತ್ತಿದ್ದ ಅಪಾಯ' ಎಂದು ಕ್ಲೇಮ್ ತಳ್ಳಿಹಾಕಬಹುದು. ಟಿಕೆಟ್‌ಗೆ ಮಾತ್ರವೇ, ಮುಂಗಡ ಕೊಟ್ಟ ಹೋಟೆಲ್‌ಗೂ ಅನ್ವಯಿಸುತ್ತದೆಯೇ ಎಂದೂ ನೋಡಿ.

ಬ್ರಿಟನ್ನಿನಲ್ಲಿ ಪ್ಯಾಕೇಜ್ ಪ್ರವಾಸ ಹೋಗುವವರಿಗೆ ಅಟಾಲ್ ಎಂಬ ರಕ್ಷಣೆ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಥಾಮಸ್ ಕುಕ್ ಮುಳುಗಿದಾಗ (ನಮ್ಮಲ್ಲಿ ಅದೇ ಹೆಸರಿನ ಕಂಪನಿ ಬೇರೆಯೇ) ಸುಮಾರು ಒಂದೂವರೆ ಲಕ್ಷ ಜನರನ್ನು ವಿಮಾನ ಕಳಿಸಿ ಊರಿಗೆ ಕರೆತಂದರು. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ಇದು ಆಗಲೇಬೇಕಾದ ಕೆಲಸ, ಪ್ರಯಾಣಿಕರು ಕೇಳಲೇಬೇಕು.

ದುಡ್ಡು ಕೊಡುವ ರೀತಿಯೇ ದೊಡ್ಡ ವಿಮೆ

ನನ್ನ ಅಭಿಪ್ರಾಯದಲ್ಲಿ ಭಾರತದಲ್ಲಿ ಪಾಲಿಸಿಗಿಂತ ಗಟ್ಟಿ ರಕ್ಷಣೆ ಕ್ರೆಡಿಟ್ ಕಾರ್ಡ್. ದುಡ್ಡು ಕೊಟ್ಟ ಸೇವೆ ಸಿಗದಿದ್ದರೆ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಕೇಳಬಹುದು. ಇದೇ ಚಾರ್ಜ್‌ಬ್ಯಾಕ್. ಡೆಬಿಟ್ ಕಾರ್ಡಿಗೂ ಇದು ಉಂಟು. ಆದರೆ ಅಲ್ಲಿ ದುಡ್ಡು ಆಗಲೇ ಖಾತೆಯಿಂದ ಹೋಗಿರುತ್ತದೆ. ಯುಪಿಐಗೆ ಇಷ್ಟು ಬಲ ಇಲ್ಲ. ನಗದಿಗಂತೂ ಏನೂ ಇಲ್ಲ.

ಹಂಪನಕಟ್ಟೆಯಲ್ಲೋ ಉಡುಪಿ ಪೇಟೆಯಲ್ಲೋ ಪರಿಚಯದ ಟ್ರಾವೆಲ್ಸ್‌ನವರಿಗೆ ನೋಟು ಎಣಿಸಿ ಕೊಟ್ಟು, ವಾಟ್ಸ್ಆ್ಯಪ್‌ನಲ್ಲಿ ಟಿಕೆಟ್ ತರಿಸಿಕೊಳ್ಳುವುದು ನಮ್ಮ ಕಡೆ ಮಾಮೂಲು, ಅಲ್ವಾ? ಏಜೆಂಟ್ ಎಷ್ಟೇ ಒಳ್ಳೆಯವರಿರಲಿ, ಅವರು ಕಂಪನಿಗೆ ಕಟ್ಟಿದ ದುಡ್ಡು ಅಲ್ಲೇ ಸಿಕ್ಕಿಕೊಂಡರೆ ಅವರೂ ಕೈಚೆಲ್ಲಬೇಕಾಗುತ್ತದೆ. ಅವರಲ್ಲೇ ಮಾಡಿಸುವುದಾದರೆ ಕಾರ್ಡಿನಲ್ಲಿ ಕೊಡಿ, ಜಿಎಸ್‌ಟಿ ಬಿಲ್ ಕೇಳಿ. ನೆನಪಿರಲಿ, ಚಾರ್ಜ್‌ಬ್ಯಾಕ್ ದೂರು ಹೋಗುವುದು ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಯಾರ ಹೆಸರಿದೆಯೋ ಅವರ ಮೇಲೆ.

ಇನ್ನೊಂದು ಮಾತು. ಅಮೆರಿಕ, ಯುರೋಪಿಗೆ ಹೋಗುವವರು ಬಜ್ಪೆಯಿಂದ ಮುಂಬೈಗೆ ಒಂದು ಕಂಪನಿ, ಅಲ್ಲಿಂದ ಮುಂದೆ ಇನ್ನೊಂದು ಎಂದು ಬಿಡಿಬಿಡಿಯಾಗಿ ಕೊಳ್ಳುತ್ತಾರೆ. ಮೊದಲನೆಯದು ನಿಂತರೆ ಎರಡನೆಯ ಕಂಪನಿಗೆ ನಿಮ್ಮ ಜವಾಬ್ದಾರಿ ಇಲ್ಲ. ಒಂದೇ ಪಿಎನ್‌ಆರ್‌ನಲ್ಲಿ ಇದ್ದರೆ ಟಿಕೆಟ್ ಕೊಟ್ಟ ಕಂಪನಿಯನ್ನು ಕೇಳಲು ದಾರಿ ಇರುತ್ತದೆ. ಬಿಡಿಯಾಗಿಯೇ ಕೊಂಡಿದ್ದರೆ ಮುಂಬೈಗೆ ಮತ್ಸ್ಯಗಂಧ ರೈಲು ಹಿಡಿದು ತಲುಪುವಷ್ಟಾದರೂ ದಿನ ಇಟ್ಟುಕೊಳ್ಳಿ.

ನಿಂತೇ ಹೋದರೆ

ಗಾಬರಿಯಲ್ಲಿ ನೀವೇ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ಮಾಡಿದರೆ 'ಪ್ರಯಾಣಿಕರೇ ಬಿಟ್ಟರು' ಎಂದಾಗುತ್ತದೆ. ಹಾರಾಟ ರದ್ದಾಗಿದೆ ಎಂದು ಕಂಪನಿ ಕಳಿಸಿದ ಸಂದೇಶ, ಅದರ ಜಾಲತಾಣದ ಪ್ರಕಟಣೆ, ಟಿಕೆಟ್, ಬಿಲ್, ಎಲ್ಲವನ್ನೂ ಸ್ಕ್ರೀನ್‌ಶಾಟ್ ಸಹಿತ ತೆಗೆದಿಡಿ. ಜಾಲತಾಣ ನಾಳೆ ತೆರೆಯದೇ ಇರಬಹುದು. ದುಡ್ಡಿನ ಬದಲು ಕ್ರೆಡಿಟ್ ಶೆಲ್ (ಅದೇ ಕಂಪನಿಯಲ್ಲಿ ಮುಂದೆ ಟಿಕೆಟ್ ಕೊಳ್ಳಲು ಜಮೆ ಇಡುವ ಮೊತ್ತ) ಕೊಡುತ್ತೇವೆ ಎಂದರೆ ಒಪ್ಪಬೇಡಿ. ಹಾರದ ಕಂಪನಿಯ ಕ್ರೆಡಿಟ್‌ನಲ್ಲಿ ಎಲ್ಲಿಗೂ ಹೋಗಲಾಗದು.

ಅದೇ ದಿನ ಕಾರ್ಡಿನ ಬ್ಯಾಂಕಿಗೆ 'ಸೇವೆ ಸಿಕ್ಕಿಲ್ಲ' ಎಂದು ಚಾರ್ಜ್‌ಬ್ಯಾಕ್ ದೂರು ಕೊಡಿ. ಸಾಮಾನ್ಯವಾಗಿ ಪ್ರಯಾಣದ ದಿನದಿಂದ 120 ದಿನದ ಗಡುವು ಇರುತ್ತದೆ. ಹಾಗೆಂದು ಕಾಯುತ್ತಾ ಕೂರಬೇಡಿ. ಪಾಲಿಸಿ ಇದ್ದರೆ ಅದರ ಕ್ಲೇಮ್ ಕೂಡ ಜೊತೆಗೇ ಹಾಕಿ, ಆದರೆ ಎರಡು ಕಡೆಯಿಂದ ಒಂದೇ ದುಡ್ಡು ಪಡೆಯುವಂತಿಲ್ಲ.

ಪ್ರಕರಣ ಕಂಪನಿಗಳ ದಿವಾಳಿ ಕೇಸು ಕೇಳುವ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಹೋದರೆ ಅಲ್ಲಿ ನೇಮಿಸಿದ ರೆಸಲ್ಯೂಷನ್ ಪ್ರೊಫೆಷನಲ್ (ದಿವಾಳಿ ಪ್ರಕ್ರಿಯೆ ನಡೆಸುವವರು) ಪೇಪರಿನಲ್ಲಿ ಪ್ರಕಟಣೆ ಕೊಡುತ್ತಾರೆ. ಕೊಟ್ಟ ದಿನಾಂಕದೊಳಗೆ ಕ್ಲೇಮ್ ಅರ್ಜಿ ಹಾಕಿ. ಪೂರ್ತಿ ಸಿಗುವ ಆಸೆ ಬೇಡ, ಆದರೆ ಹೆಸರೇ ಇಲ್ಲದಿದ್ದರೆ ಏನೂ ಸಿಗದು. ಆ ಹೊತ್ತಿನಲ್ಲಿ ಕಂಪನಿಯ ಮೇಲೆ ಗ್ರಾಹಕ ಆಯೋಗದಲ್ಲಿ ಕೇಸು ನಡೆಯುವುದಿಲ್ಲ. ದಿವಾಳಿ ಕಾನೂನು ತಡೆ ಹಾಕಿರುತ್ತದೆ.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕ ಇಲ್ಲ. ಇನ್ಶೂರೆನ್ಸ್ ಕಂಪನಿ ಸತಾಯಿಸಿದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣ ಅಥವಾ 155255 ಸಂಖ್ಯೆ ಇದೆ. ಅಲ್ಲೂ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಏಜೆಂಟರ ಜೊತೆಗಿನ ತಕರಾರಿಗೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಅದಕ್ಕೆ ಶುಲ್ಕವಿಲ್ಲ.