ತಾರಸಿ ಮೇಲೆ ಮೊಯಿನಾ ಸಾಕುವುದು

ಗಪ್ಪಿ ಮೀನಿನ ಮರಿಗಳಿಗೆ ಒಣ ಪುಡಿ ಹಾಕಿದರೆ ಅರ್ಧ ತಿಂದು ಅರ್ಧ ತಳಕ್ಕೆ ಬಿಡುತ್ತವೆ. ಮೊಯಿನಾ ಹಾಕಿ ನೋಡಿ, ಒಂದೂ ಉಳಿಯುವುದಿಲ್ಲ. ಮೊಯಿನಾ ಅಂದರೆ ಸುಮಾರು ಒಂದು ಮಿಲಿಮೀಟರ್ ಉದ್ದದ, ಜಿಗಿಜಿಗಿದು ಈಜುವ ನೀರಿನ ಹುಳ. ಇದರ ಬಂಧು ಡಾಫ್ನಿಯಾ ಇದಕ್ಕಿಂತ ದೊಡ್ಡದು, ಆದರೆ ಕೋಲಾರದ ಬೇಸಿಗೆ ಅದಕ್ಕೆ ಆಗಿಬರಲ್ಲ. ಮೊಯಿನಾ 30 ಡಿಗ್ರಿಯಲ್ಲೂ ಆರಾಮಾಗಿರುತ್ತೆ.

ಬಾಯಿ ಅಗಲವಾದ 40 ಲೀಟರ್ ಟಬ್ ಸಾಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಮೂಲೆಯಲ್ಲಿಡಿ. ಅಕ್ವೇರಿಯಂನಿಂದ ತೆಗೆದ ಹಳೇ ನೀರೇ ಒಳ್ಳೆಯದು. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ನಮ್ಮ ಬೋರ್ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತೆ. ಅಷ್ಟು ಗಡಸು ನೀರಲ್ಲೂ ಮೊಯಿನಾ ಚೆನ್ನಾಗಿಯೇ ಬೆಳೆಯುತ್ತೆ.

ಮೊದಲ ಹುಳಗಳನ್ನು ಈಗಾಗಲೇ ಸಾಕುತ್ತಿರುವವರಿಂದಲೇ ತನ್ನಿ. ಕೆರೆಯಲ್ಲಿ ಬಲೆ ಹಾಕಿ ತರುವವರಿದ್ದಾರೆ, ನಾನಂತೂ ತರಲ್ಲ. ಜೊತೆಗೆ ಹೈಡ್ರಾ ಅನ್ನೋ ಕುಟುಕುವ ಪುಟ್ಟ ಜೀವಿ ಬರುತ್ತೆ, ಏರೋಪ್ಲೇನ್ ಚಿಟ್ಟೆಯ ಮರಿ ಬರುತ್ತೆ. ಆ ಮರಿ ಮೀನಿನ ಮರಿಯನ್ನೇ ಹಿಡಿದು ತಿನ್ನುತ್ತೆ. ಅದೂ ಅಲ್ಲದೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದನ್ನು ಮೀನಿನ ಟ್ಯಾಂಕಿಗೆ ತರುವುದು ಯಾಕೆ, ಅಲ್ವಾ?

ಟಬ್ ಕೆಡುವುದು ಹೆಚ್ಚಾಗಿ ಊಟದಿಂದಲೇ. ಕಾಲು ಟೀ ಚಮಚ ಒಣ ಯೀಸ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ಕದಡಿ ಹಾಕಿ. ನೀರು ತೆಳ್ಳಗೆ ಮಬ್ಬಾಗಬೇಕು, ಹಾಲಿನಂತಾಗಬಾರದು. ಅದು ಮತ್ತೆ ತಿಳಿಯಾದ ಮೇಲೆ ಮಾತ್ರ ಮುಂದಿನ ಊಟ. ಬಿಸಿಲಲ್ಲಿ ಪಾಚಿಗಟ್ಟಿ ಹಸಿರಾದ ನೀರು ಸಿಕ್ಕರೆ ಯೀಸ್ಟಿಗಿಂತ ಅದೇ ವಾಸಿ. ವಾಸನೆ ಬಂದರೆ ಊಟ ನಿಲ್ಲಿಸಿ, ಅರ್ಧ ನೀರು ಬದಲಿಸಿ.

ಆಗಾಗ ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದು ನೋಡಿ. ಹುಳಗಳು ಕೆಂಪಾಗಿದ್ದರೆ ನೀರಲ್ಲಿ ಆಮ್ಲಜನಕ ಕಡಿಮೆಯಾಗಿದೆ. ಆಗ ಏರ್ ಪಂಪ್ ಪೈಪನ್ನು, ತುದಿಗೆ ಸಣ್ಣ ಗುಳ್ಳೆ ಮಾಡುವ ಕಲ್ಲು ಸಿಕ್ಕಿಸದೆ, ನೀರಿಗೆ ಬಿಡಿ, ದಪ್ಪ ಗುಳ್ಳೆ ನಿಧಾನಕ್ಕೆ ಬರಲಿ. ಸಣ್ಣ ಗುಳ್ಳೆಗಳು ಚಿಪ್ಪಿನೊಳಗೆ ಸೇರಿಕೊಂಡು ಹುಳವನ್ನು ಮೇಲಕ್ಕೆ ತೇಲಿಸಿಬಿಡುತ್ತವೆ.

ಟಬ್ ಮೇಲೆ ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಲೇಬೇಕು. ಸೊಳ್ಳೆ ಮರಿ ಮೀನಿಗೆ ಒಳ್ಳೆ ಊಟವೇ, ಆದರೆ ವಾರ ಹತ್ತು ದಿನದಲ್ಲಿ ಅದು ಹಾರುತ್ತೆ. ಡೆಂಗಿ ಸೊಳ್ಳೆಗೂ ಇಂಥ ನೀರೇ ಬೇಕು.

ಹಿಡಿಯುವುದು ಸುಲಭ. ಕತ್ತಲಾದ ಮೇಲೆ ಟಬ್‌ನ ಒಂದು ಬದಿಗೆ ಟಾರ್ಚ್ ಹಿಡಿದರೆ ಎಲ್ಲಾ ಅಲ್ಲಿಗೇ ಬರುತ್ತವೆ. ತೆಳು ಬಟ್ಟೆಯಲ್ಲಿ ಸೋಸಿ, ಒಮ್ಮೆ ತೊಳೆದು ಟ್ಯಾಂಕಿಗೆ ಹಾಕಿ. ದಿನಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ.

ಇನ್ನೊಂದು ಪುಟ್ಟ ಬಕೆಟ್‌ನಲ್ಲೂ ಒಂದಷ್ಟು ಸಾಕಿಕೊಂಡಿರಿ. ಟಬ್ ಸೊರಗಿದಾಗ ತಳದಲ್ಲಿ ಕಪ್ಪು ಚುಕ್ಕೆಗಳು ಕಾಣಬಹುದು, ಅವು ಗಟ್ಟಿ ಚಿಪ್ಪಿನೊಳಗಿರುವ ಮೊಟ್ಟೆಗಳು. ಆ ಕೆಸರನ್ನು ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಿಟ್ಟುಕೊಳ್ಳಿ. ಬೇಕಾದಾಗ ನೀರಿಗೆ ಹಾಕಿದರೆ ಕೆಲವು ದಿನದಲ್ಲಿ ಮರಿ ಹೊರಬರುತ್ತವೆ.