ಗಲ್ಫ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮೊದಲ ವರ್ಷ: ಕಾಸರಗೋಡಿನ ಶಿಕ್ಷಕರಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡುವವರಿಗೆ ಒಂದು ಆಸರೆ ಇದ್ದೇ ಇರುತ್ತದೆ. ಮಗುವಿಗೆ ತಿಳಿಯದಿದ್ದರೆ ಕನ್ನಡದಲ್ಲಿ ಹೇಳಬಹುದು, ಅದೂ ಆಗದಿದ್ದರೆ ತುಳು, ಮಲಯಾಳ. ದುಬೈ, ಶಾರ್ಜಾದ ಖಾಸಗಿ ಶಾಲೆಯ ಎರಡನೇ ತರಗತಿಯಲ್ಲಿ ಅರಬ್ಬಿ ಮಾತಾಡುವ ಮಕ್ಕಳ ಮುಂದೆ ನಿಂತಾಗ ಆ ಆಸರೆ ಸಿಗುವುದಿಲ್ಲ. ಅರ್ಥವನ್ನು ಕಣ್ಣು, ಕೈ, ಕಿವಿಗಳ ಮೂಲಕವೇ ಮುಟ್ಟಿಸಬೇಕು. ಮೊದಲ ವರ್ಷದ ಪಾಠದ ತಯಾರಿಯೆಲ್ಲ ಇದರ ಸುತ್ತಲೇ ನಡೆಯಬೇಕು.

ಹೊರಡುವ ಮೊದಲು

ಸರ್ಟಿಫಿಕೇಟ್ ಅಟೆಸ್ಟೇಶನ್‌ಗೆ, ಅಂದರೆ ಅದು ಅಸಲಿಯೆಂದು ಸರ್ಕಾರಿ ಮೊಹರು ಹಾಕಿಸುವುದಕ್ಕೆ, ಹೆಚ್ಚು ಸಮಯ ಹಿಡಿಯುತ್ತದೆ. ಕೆಲಸ ಹುಡುಕುವಾಗಲೇ ಶುರು ಮಾಡಿ. ಪದವಿ ಯಾವ ರಾಜ್ಯದ್ದೋ ಮೊದಲ ಮೊಹರು ಆ ರಾಜ್ಯದ್ದು. ಕಣ್ಣೂರು ವಿಶ್ವವಿದ್ಯಾಲಯದ್ದಾದರೆ ಕೇರಳ ಸರ್ಕಾರದ ಅನಿವಾಸಿ ಸಂಸ್ಥೆ ನೋರ್ಕಾ ರೂಟ್ಸ್ ಮೂಲಕ, ನಮಗೆ ಹತ್ತಿರದ ಕೇಂದ್ರ ಕಲ್ಲಿಕೋಟೆಯಲ್ಲಿದೆ. ಮಂಗಳೂರು ವಿಶ್ವವಿದ್ಯಾಲಯದ್ದಾದರೆ ಬೆಂಗಳೂರಿನಲ್ಲಿ, ಕರ್ನಾಟಕ ಸರ್ಕಾರದ ಮೂಲಕ. ಡಿಗ್ರಿ ಮಂಗಳೂರಲ್ಲಿ, ಬಿ.ಎಡ್ ಕಣ್ಣೂರಲ್ಲಿ ಮಾಡಿದವರು ಎರಡೂ ಕಡೆ ಓಡಾಡಬೇಕು. ಆಮೇಲೆ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಇಲಾಖೆಯ ಮೊಹರು. ಯುಎಇಗೆ ಬರೀ ಅಪೋಸ್ಟಿಲ್ (ಹಲವು ದೇಶಗಳು ಒಪ್ಪುವ, ನಮ್ಮ ವಿದೇಶಾಂಗ ಸಚಿವಾಲಯದ ಒಂದೇ ಮೊಹರು) ಸಾಲದು. ಮೊಹರು ಬೀಳುವುದು ಸರ್ಟಿಫಿಕೇಟಿನ ಮೇಲೆಯೇ ಆದ್ದರಿಂದ ಮೂಲ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ; ಮಾಡಿಸಿದ್ದರೆ ಬಿಡಿಸಬೇಕಾಗುತ್ತದೆ, ಬಿಡಿಸುವಾಗ ಕಾಗದ ಹರಿಯುವುದೂ ಉಂಟು.

ನಮ್ಮ ಕಡೆ ಹೆಸರಿನ ತೊಡಕು ಹೆಚ್ಚು. ಎಸ್ಸೆಸ್ಸೆಲ್ಸಿಯಲ್ಲಿ ಬರೀ ಇನಿಶಿಯಲ್, ಡಿಗ್ರಿಯಲ್ಲಿ ಮನೆತನದ ಹೆಸರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು. ಎಲ್ಲವೂ ಒಬ್ಬರದ್ದೇ ಎಂಬ ‘ಒನ್ ಆಂಡ್ ದ ಸೇಮ್’ ಸರ್ಟಿಫಿಕೇಟನ್ನು ವಿಲ್ಲೇಜ್ ಆಫೀಸಿನಿಂದ ಮೊದಲೇ ತೆಗೆಸಿಡಿ. ಪೊಲೀಸ್ ಕ್ಲಿಯರೆನ್ಸ್ ಮಾತ್ರ ತೀರ ಮುಂಚೆ ಬೇಡ. ಹಳೆಯದಾದರೆ ಮತ್ತೆ ಕೇಳುತ್ತಾರೆ.

ಏಜೆಂಟ್ ಮೂಲಕ ಹೋಗುವವರು ಅವರ ನೋಂದಣಿ ಸಂಖ್ಯೆಯನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ‘ಮೊದಲು ವಿಸಿಟ್ ವೀಸಾದಲ್ಲಿ ಬನ್ನಿ, ಪಾಠ ಶುರು ಮಾಡಿ, ಆಮೇಲೆ ನೋಡುವ’ ಎಂದರೆ ಒಪ್ಪಲೇಬೇಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ, ಸಂಬಳ ತಪ್ಪಿದರೆ ದೂರು ಕೊಡಲೂ ಕಷ್ಟ. ಆಫರ್ ಲೆಟರಿನಲ್ಲಿ ಒಟ್ಟು ಮೊತ್ತವನ್ನಷ್ಟೇ ನೋಡದೆ ಮೂಲ ವೇತನ ಎಷ್ಟೆಂದು ನೋಡಿ. ಅದನ್ನು ಕಡಿಮೆ ಇಟ್ಟು ಭತ್ಯೆ ಜಾಸ್ತಿ ತೋರಿಸಿದರೆ ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿ ಕುಗ್ಗುತ್ತದೆ. ಶಿಕ್ಷಕರ ಅನುಮತಿಯನ್ನು ದುಬೈಯಲ್ಲಿ ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್ ಎಂಬ ಸರ್ಕಾರಿ ಶಿಕ್ಷಣ ಪ್ರಾಧಿಕಾರಗಳು ನೋಡಿಕೊಳ್ಳುತ್ತವೆ. ನಿಮ್ಮ ಅರ್ಜಿ ಯಾವ ಹಂತದಲ್ಲಿದೆ ಎಂದು ಶಾಲೆಯನ್ನು ಕೇಳಲು ಸಂಕೋಚ ಬೇಡ.

ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರು, ಬ್ರಿಟಿಷ್ ಪಠ್ಯಕ್ರಮದವು ಆಗಸ್ಟ್ ಕೊನೆಗೆ. 2022ರಿಂದ ವಾರದ ರಜೆ ಶನಿವಾರ, ಭಾನುವಾರ. ದುಬೈಯಲ್ಲಿ ಶುಕ್ರವಾರ ಅರ್ಧ ದಿನ, ಶಾರ್ಜಾದಲ್ಲಿ ಶುಕ್ರವಾರವೂ ರಜೆ.

ಮೊದಲ ಎರಡು ವಾರ

ಪಠ್ಯಪುಸ್ತಕಕ್ಕೆ ಅವಸರ ಬೇಡ. ನಿಲ್ಲು, ಕೂರು, ನೋಡು, ಕೇಳು, ತೆರೆ, ಮುಚ್ಚು: ಈ ಆರು ಇಂಗ್ಲಿಷ್ ಆಜ್ಞೆಗಳನ್ನು ಪ್ರತಿ ಸಲವೂ ಅದೇ ಪದ, ಅದೇ ಕೈಸನ್ನೆಯಲ್ಲಿ ಹೇಳಿ. ಒಂದು ದಿನ ‘ಸಿಟ್ ಡೌನ್’, ಮರುದಿನ ‘ಪ್ಲೀಸ್ ಟೇಕ್ ಯುವರ್ ಸೀಟ್ಸ್’ ಎಂದರೆ ಮಕ್ಕಳಿಗೆ ಅದು ಹೊಸ ಪಾಠವೇ. ಗದ್ದಲ ನಿಲ್ಲಿಸಲು ಸ್ವರ ಏರಿಸುವ ಬದಲು ಒಂದು ಗುರುತು ಇಟ್ಟುಕೊಳ್ಳಿ. ಕೈ ಮೇಲೆತ್ತಿ ಸುಮ್ಮನೆ ನಿಲ್ಲಿ, ಎಲ್ಲರೂ ಕೈ ಎತ್ತುವ ತನಕ ಕಾಯಿರಿ. ನಾಲ್ಕೈದು ದಿನ ಅಡ್ಡಿಯೆನಿಸುತ್ತದೆ, ಆಮೇಲೆ ಗಂಟಲು ಉಳಿಯುತ್ತದೆ. ಬೆತ್ತ, ಕಿವಿ ಹಿಂಡುವುದು ಯಾವ ಕಾರಣಕ್ಕೂ ಇಲ್ಲ.

‘ಅರ್ಥವಾಯಿತಾ?’ ಎಂದು ಕೇಳಿದರೆ ಇಡೀ ತರಗತಿ ‘ಯೆಸ್ ಮಿಸ್’ ಎನ್ನುತ್ತದೆ, ಆಮೇಲೆ ಯಾರೂ ಪೆನ್ಸಿಲ್ ಎತ್ತುವುದಿಲ್ಲ. ಅದರ ಬದಲು ‘ಯಾವ ಪುಟ? ಬರೆಯಬೇಕೋ, ಮಾತಾಡಬೇಕೋ? ಒಬ್ಬರೇ, ಇಬ್ಬರೇ?’ ಎಂದು ಕೇಳಿ. ಉತ್ತರ ತಪ್ಪಿದರೆ ಸೂಚನೆ ತಲುಪಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ.

40 ನಿಮಿಷದ ಪೀರಿಯಡಿಗೆ ಹೊಸ ಪದ ಆರರಿಂದ ಎಂಟು ಸಾಕು. ಮೊದಲ ಐದು ನಿಮಿಷ ನಿನ್ನೆಯ ಪದಗಳು, ಎಂಟು ನಿಮಿಷ ವಸ್ತು ಅಥವಾ ಚಿತ್ರ ತೋರಿಸಿ ಹೊಸವು, ಹತ್ತು ನಿಮಿಷ ಎಲ್ಲರೂ ಸೇರಿ ಹೇಳುವುದು, ಹನ್ನೆರಡು ನಿಮಿಷ ಇಬ್ಬಿಬ್ಬರಾಗಿ ಮಾತು, ಉಳಿದದ್ದು ಬರವಣಿಗೆ. ಅದೇ ಪದಗಳನ್ನು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಕೇಳಿ. ಚಿತ್ರಗಳನ್ನು ಊರಿಂದಲೇ ಒಯ್ಯಿರಿ. ಬೇಕಲ ಕೋಟೆ, ಅಂಗಳದಲ್ಲಿ ಒಣಗುವ ಅಡಿಕೆ, ಜುಲೈಯ ಮಳೆ: ಇವನ್ನು ಕಂಡರೆ ಮರಳುಗಾಡಿನ ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಕೇಳುವ ಮಗು ಭಾಷೆ ಬೇಗ ಕಲಿಯುತ್ತದೆ.

ಧ್ವನಿ ಮತ್ತು ಅಕ್ಷರ

ಅರಬ್ಬಿಯಲ್ಲಿ ಪಕಾರವಿಲ್ಲ, ಬಕಾರವಿದೆ. ಹಾಗಾಗಿ ‘ಪಾರ್ಕ್’ ‘ಬಾರ್ಕ್’ ಆಗುತ್ತದೆ, ‘ಪೆನ್’ ‘ಬೆನ್’ ಆಗುತ್ತದೆ. ಇದಕ್ಕೆ ಕಾಗದದ ಪಟ್ಟಿಯ ಉಪಾಯ ಒಳ್ಳೆಯದು. ಎರಡು ಬೆರಳಗಲದ ತೆಳು ಕಾಗದವನ್ನು ತುಟಿಗೆ ಒಂದು ಬೆರಳಷ್ಟು ದೂರ ಹಿಡಿಯಬೇಕು. ‘ಪೆನ್’ ಎಂದಾಗ ಕಾಗದ ಅಲುಗಬೇಕು, ‘ಬೆನ್’ ಎಂದಾಗ ಅಲುಗಬಾರದು. ಕನ್ನಡಿಗರು ಇಲ್ಲಿ ಒಂದು ಎಚ್ಚರ ವಹಿಸಬೇಕು. ನಮ್ಮ ಪ ಅಲ್ಪಪ್ರಾಣ. ಊರಿನ ರೂಢಿಯಲ್ಲಿ ‘ಪೆನ್’ ಎಂದರೆ ಕಾಗದ ಅಲುಗುವುದೇ ಇಲ್ಲ, ಮಕ್ಕಳಿಗೆ ವ್ಯತ್ಯಾಸವೂ ಕಾಣುವುದಿಲ್ಲ. ಪದದ ಮೊದಲಿನ ಪಕಾರಕ್ಕೆ ಸ್ವಲ್ಪ ಉಸಿರು ಸೇರಿಸಿ, ಮಹಾಪ್ರಾಣದ ಹತ್ತಿರಕ್ಕೆ ತನ್ನಿ. ತರಗತಿಗೆ ಹೋಗುವ ಮೊದಲು ಮನೆಯಲ್ಲಿ ಕಾಗದ ಹಿಡಿದು ನೀವೇ ನೋಡಿಕೊಳ್ಳಿ.

‘ವ್ಯಾನ್’ ಅವರ ಬಾಯಲ್ಲಿ ‘ಫ್ಯಾನ್’ ಆಗುತ್ತದೆ. ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಗಂಟಲಿನ ಕಂಪನ ಮುಟ್ಟಿ ತೋರಿಸಿ. ನಾವು ‘ವೆಸ್ಟ್’ ಎನ್ನುವಾಗ ಬನಿಯನ್ನೋ ಪಶ್ಚಿಮವೋ ಎಂದು ಕೇಳುವವರಿಗೆ ತಿಳಿಯುವುದಿಲ್ಲ, ಎರಡಕ್ಕೂ ಒಂದೇ ವಕಾರ ಬಳಸುತ್ತೇವೆ. ಪಶ್ಚಿಮದ್ದಕ್ಕೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ‘ಎಗ್’ ಅನ್ನು ‘ಯೆಗ್’, ‘ಜೂ’ದ ಮೊದಲ ಧ್ವನಿಯನ್ನು ಜಕಾರ ಮಾಡುವುದನ್ನೂ ತಿದ್ದಿಕೊಳ್ಳಿ. ನೀವು ಹೇಳಿದ ಹಾಗೇ ಮಕ್ಕಳು ಹೇಳುತ್ತಾರೆ.

ಬರವಣಿಗೆಯಲ್ಲಿ ತೊಡಕು ಬೇರೆ. ಅರಬ್ಬಿ ಬಲದಿಂದ ಎಡಕ್ಕೆ ಸಾಗುತ್ತದೆ, ಅದರಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ, ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಆದ್ದರಿಂದ ಸಾಲನ್ನು ಬಲಗಡೆಯಿಂದ ಹಿಡಿಯುವುದು, ಬಿ ಮತ್ತು ಡಿ ಅದಲುಬದಲಾಗುವುದು, ಪದದ ನಡುವಿನ ಸ್ವರ ಬಿಟ್ಟುಹೋಗುವುದು ಸಹಜ. ಇದನ್ನು ದಡ್ಡತನವೆಂದು ಭಾವಿಸಿದರೆ ಮಗುವಿಗೆ ಅನ್ಯಾಯ. ಪ್ರತಿ ಸಾಲಿನ ಎಡತುದಿಗೆ ಹಸಿರು ಚುಕ್ಕೆ ಇಡಿ. ಸ್ವರಗಳಿಗೆ ಕೆಂಪು ಪೆನ್ಸಿಲ್ ಕೊಡಿ: ಕೆಂಪಿಲ್ಲದ ಪದ ಪೂರ್ತಿಯಾಗಿಲ್ಲ ಎಂದು ಮಗುವೇ ಪತ್ತೆಹಚ್ಚುತ್ತದೆ. ‘ಶಿ ಟೀಚರ್’ ಎಂದು ‘ಈಸ್’ ಬಿಡುವುದಕ್ಕೂ ಅರಬ್ಬಿ ವಾಕ್ಯರಚನೆಯೇ ಕಾರಣ. ‘ಅವಳು ಶಿಕ್ಷಕಿ’ ಎನ್ನುವ ಕನ್ನಡಿಗರಿಗೆ ಇದು ಬೇಗ ಅರ್ಥವಾಗಬೇಕು. ನಿಯಮ ವಿವರಿಸಬೇಡಿ. ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ಪದದ ಕಾರ್ಡ್ ಕೊಟ್ಟು, ನಡುವಿನವರನ್ನು ಹೊರಗೆ ಕರೆಯಿರಿ. ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ.

ವರ್ಷದ ನಡುವೆ

ರಂಜಾನ್ ತಿಂಗಳು ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಆಗ ಶಾಲೆಯ ಸಮಯ ಕಡಿಮೆ. ಹೊಸ ಪಾಠವನ್ನು ಬೆಳಗ್ಗೆಯೇ ಮುಗಿಸಿ, ಉಪವಾಸವಿರುವ ಮಕ್ಕಳ ಎದುರು ನೀರನ್ನೂ ಕುಡಿಯಬೇಡಿ.

ಮಕ್ಕಳ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ಊರಲ್ಲಿ ಮಾಮೂಲು. ಅಲ್ಲಿ ಒಪ್ಪಿಗೆಯಿಲ್ಲದೆ ಫೋಟೋ ಹಂಚುವುದು ಸೈಬರ್ ಕಾನೂನಿನಡಿ ಅಪರಾಧ. ಟ್ಯೂಶನ್‌ಗೂ ಪರವಾನಗಿ ಬೇಕು. 2023ರ ಡಿಸೆಂಬರಿನಿಂದ ಎರಡು ವರ್ಷದ ಅನುಮತಿಯನ್ನು ಉಚಿತವಾಗಿ ಕೊಡುತ್ತಿದ್ದಾರೆ. ಮೊದಲು ಅದನ್ನು ಪಡೆದುಕೊಂಡು ಆಮೇಲೆ ಮಕ್ಕಳನ್ನು ಸೇರಿಸಿ.

ಪ್ರೊಬೇಶನ್ (ಕೆಲಸದ ಪರೀಕ್ಷಾವಧಿ) ಆರು ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ಕೆಲಸ ಬಿಟ್ಟು ಊರಿಗೆ ಮರಳುವುದಾದರೆ 14 ದಿನದ, ಅಲ್ಲೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಒಂದು ವರ್ಷ ತುಂಬಿದವರಿಗೆ ವರ್ಷಕ್ಕೆ 21 ದಿನದ ಮೂಲ ವೇತನ ಗ್ರಾಚುಯಿಟಿಯಾಗಿ ಸಿಗುತ್ತದೆ, ತುಂಬದವರಿಗೆ ಏನೂ ಇಲ್ಲ. ಆಗಸ್ಟ್ ಕೊನೆಗೆ ಸೇರಿದವರು ಶಾಲೆ ಮುಗಿಯುವ ಜುಲೈಯ ತಾರೀಕನ್ನೇ ರಾಜೀನಾಮೆಯಲ್ಲಿ ಕೊನೆಯ ದಿನವೆಂದು ಬರೆದರೆ ವರ್ಷ ತುಂಬುವುದಿಲ್ಲ. ಸಹಿ ಹಾಕುವ ಮೊದಲು ಒಪ್ಪಂದದ ಕೊನೆಯ ತಾರೀಕನ್ನು ತೆಗೆದು ನೋಡಿ.